ಅರ್ಧ ಮಾತ್ರೆಯ ಲೆಕ್ಕ

ವೈದ್ಯರ ಚೀಟಿಯಲ್ಲಿ 1-0-1 ಎಂದಿದ್ದರೆ ಓದುಬರಹ ಅಷ್ಟಾಗಿ ಬಾರದವರಿಗೂ ಗೊತ್ತಾಗುತ್ತದೆ: ಬೆಳಿಗ್ಗೆ ಒಂದು, ರಾತ್ರಿ ಒಂದು. ½-0-½ ಎಂದಿದ್ದರೂ ಗೊತ್ತಾಗುತ್ತದೆ. ಆದರೆ ಆಗ ಕೆಲಸವೊಂದು ಮನೆಯವರ ಮೈಮೇಲೆ ಬೀಳುತ್ತದೆ. ಮಾತ್ರೆಯನ್ನು ಯಾವುದರಿಂದ ತುಂಡು ಮಾಡಬೇಕು, ಉಳಿದ ಅರ್ಧವನ್ನು ಎಲ್ಲಿಡಬೇಕು, ಅಷ್ಟಕ್ಕೂ ಅದು ತುಂಡು ಮಾಡುವಂಥ ಮಾತ್ರೆಯೇ ಎಂಬುದಕ್ಕೆಲ್ಲ ಚೀಟಿಯಲ್ಲಿ ಉತ್ತರವಿರುವುದಿಲ್ಲ. ಹಾಗಾಗಿ ತರಕಾರಿ ಚಾಕು, ಹಳೆಯ ಬ್ಲೇಡು, ಅಡಿಕೆ ಸೀಮೆಯ ಮನೆಗಳಲ್ಲಿ ಅಡಕತ್ತರಿ, ಏನೂ ಕೈಗೆ ಸಿಗದಿದ್ದರೆ ಮುಂಬಲ್ಲು ಈ ಕೆಲಸಕ್ಕೆ ಒದಗುತ್ತವೆ. ಮುರಿದಾಗ ಒಂದು ಚೂರು ದೊಡ್ಡದಾಗಿ ಇನ್ನೊಂದು ಚಿಕ್ಕದಾದರೆ, ದೊಡ್ಡದು ಬೆಳಿಗ್ಗೆಗೆ, ಚಿಕ್ಕದು ರಾತ್ರಿಗೆ ಎಂದು ತಾವೇ ತೀರ್ಮಾನಿಸಿಕೊಳ್ಳುವವರೂ ಇದ್ದಾರೆ.

ಹೀಗೆ ಮುರಿದು ನುಂಗುವುದು ಸುರಕ್ಷಿತವೇ? ಈ ಪ್ರಶ್ನೆಯನ್ನು ಹಿಡಿದು ಹಲವು ದೇಶಗಳಲ್ಲಿ ಅಧ್ಯಯನಗಳು ನಡೆದಿವೆ. ಅಮೆರಿಕದಲ್ಲಿ ಇದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಒಂದೇ ಮಾತಿನ ಉತ್ತರ ಸಿಕ್ಕಿಲ್ಲ, ಏಕೆಂದರೆ ಉತ್ತರ ಮಾತ್ರೆಯಿಂದ ಮಾತ್ರೆಗೆ ಬದಲಾಗುತ್ತದೆ. ನನಗೆ ಚಿಂತೆ ಹುಟ್ಟಿಸುವುದು ಬೇರೆಯದೇ ಸಂಗತಿ. ಯಾವ ಮಾತ್ರೆಗೆ ಯಾವ ಉತ್ತರ ಎಂಬುದು ತಯಾರಕರಿಗೆ ಗೊತ್ತು, ಕೇಳಿದರೆ ಔಷಧ ತಜ್ಞರಿಗೂ ಗೊತ್ತು. ಚಾಕು ಹಿಡಿದವರಿಗೆ ಮಾತ್ರ ಅದನ್ನು ಯಾರೂ ಹೇಳಿರುವುದಿಲ್ಲ.

ಮೊದಲೇ ಒಂದು ಮಾತು. ಮಾತ್ರೆ ಮುರಿಯುವುದು ಯಾವಾಗಲೂ ತಪ್ಪು ಎಂದು ಹೆದರಿಸುವವರ ಸಾಲಿಗೆ ನಾನು ಸೇರುವುದಿಲ್ಲ. ನಮ್ಮ ಸರ್ಕಾರವೇ ಅರ್ಧ ಮಾತ್ರೆ ಕೊಡಿಸುತ್ತದೆ. ಫೆಬ್ರುವರಿ 10ರ ಸುಮಾರಿಗೆ ಅಂಗನವಾಡಿ, ಶಾಲೆಗಳಲ್ಲಿ ನಡೆಯುವ ಜಂತುಹುಳು ನಿವಾರಣಾ ದಿನದಂದು ಎರಡು ವರ್ಷ ದಾಟಿದ ಮಕ್ಕಳಿಗೆ 400 ಮಿಲಿಗ್ರಾಂನ ಇಡೀ ಅಲ್ಬೆಂಡಜೋಲ್, ಒಂದರಿಂದ ಎರಡು ವರ್ಷದ ಮಗುವಿಗೆ ಅದರಲ್ಲಿ ಅರ್ಧ. ಭೇದಿಯಾದ ಕೂಸಿಗೆ ಆಶಾ ಕಾರ್ಯಕರ್ತೆ ಓಆರ್‌ಎಸ್ ಜೊತೆ ಕೊಡುವ 20 ಮಿಲಿಗ್ರಾಂ ಜಿಂಕ್ ಮಾತ್ರೆಯೂ ಹಾಗೆಯೇ: ಆರು ತಿಂಗಳು ದಾಟಿದ್ದರೆ ದಿನಕ್ಕೊಂದು, ಎರಡರಿಂದ ಆರು ತಿಂಗಳ ಒಳಗಿನ ಮಗುವಾದರೆ ಅರ್ಧವನ್ನು ತಾಯಿಯ ಹಾಲಿನಲ್ಲಿ ಕರಗಿಸಿ ಹದಿನಾಲ್ಕು ದಿನ. ಇವೆರಡೂ ಸ್ವಲ್ಪ ಹೆಚ್ಚುಕಡಿಮೆಯಾದರೂ ತಾಳಿಕೊಳ್ಳುವ ಔಷಧಗಳು. ಅರ್ಧ ಎಂಬುದು ಅರ್ಧಕ್ಕಿಂತ ಚೂರು ದೊಡ್ಡದಾದರೂ ಮಗುವಿಗೆ ಏನೂ ಆಗುವುದಿಲ್ಲ.

ಎಲ್ಲ ಔಷಧಗಳಿಗೂ ಈ ಮಾತು ಹೊಂದಿದ್ದರೆ ಲೇಖನ ಇಲ್ಲಿಗೇ ಮುಗಿಯುತ್ತಿತ್ತು.

ಮಾತ್ರೆಯೊಳಗೆ ಏನಿದೆ ಎಂಬುದರಿಂದ ಶುರು ಮಾಡೋಣ. ಔಷಧದ ಪುಡಿಯನ್ನು ಪಿಷ್ಟ, ಸೆಲ್ಯುಲೋಸ್, ಲ್ಯಾಕ್ಟೋಸ್‌ನಂಥ ಪದಾರ್ಥಗಳೊಂದಿಗೆ ಬೆರೆಸಿ, ಯಂತ್ರದಲ್ಲಿ ಒತ್ತಿ ಗಟ್ಟಿ ಮಾಡಿದ್ದೇ ಮಾತ್ರೆ. ಥೈರಾಯ್ಡ್‌ಗೆ ಕೊಡುವ 50 ಮೈಕ್ರೋಗ್ರಾಂ ಮಾತ್ರೆಯಲ್ಲಿ ನಿಜವಾದ ಔಷಧ ಕಣ್ಣಿಗೆ ಕಾಣದಷ್ಟು, ಮಿಕ್ಕದ್ದೆಲ್ಲ ಅದನ್ನು ಹೊತ್ತು ನಿಂತ ಪುಡಿ. ಸರಿಯಾಗಿ ತಯಾರಿಸಿದ ಸಾದಾ ಮಾತ್ರೆಯಲ್ಲಿ ಔಷಧ ಎಲ್ಲೆಡೆ ಸಮನಾಗಿ ಬೆರೆತಿರುತ್ತದೆ. ಅಂದರೆ ತೂಕದಲ್ಲಿ ಅರ್ಧ ಮಾಡಿದರೆ ಔಷಧದಲ್ಲಿಯೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ತೊಡಕಿರುವುದು ತೂಕದಲ್ಲಿ ಅರ್ಧ ಮಾಡುವುದರಲ್ಲಿಯೇ.

ಮನುಷ್ಯರ ಕೈ ಇದರಲ್ಲಿ ಎಷ್ಟು ಪಳಗಿದೆ ಎಂದು 1998ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದರು. 94 ಆರೋಗ್ಯವಂತ ಸ್ವಯಂಸೇವಕರ ಕೈಗೆ ಬಿಪಿಗೆ ಕೊಡುವ 25 ಮಿಲಿಗ್ರಾಂನ ಹೈಡ್ರೋಕ್ಲೋರೋಥಯಾಜೈಡ್ ಮಾತ್ರೆಗಳನ್ನು ಕೊಟ್ಟು ಎರಡಾಗಿ ಮುರಿಯಲು ಹೇಳಿ, ಚೂರುಗಳನ್ನು ತೂಗಿದರು. ಶೇ 41.3ರಷ್ಟು ಅರ್ಧಗಳು ಇರಬೇಕಾದ ತೂಕಕ್ಕಿಂತ ಶೇ 10ಕ್ಕೂ ಮೀರಿ ಆಚೀಚೆಯಾಗಿದ್ದವು. ಶೇ 12.4ರಷ್ಟು ಶೇ 20ಕ್ಕೂ ಮೀರಿ ತಪ್ಪಿದ್ದವು. ನೆನಪಿಡಿ, ಇವರು ಕೈ ನಡುಗುವ, ಕಣ್ಣು ಮಂಜಾದ ರೋಗಿಗಳಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ತಂಡ ವೃದ್ಧಾಶ್ರಮಗಳಲ್ಲಿ ನಡೆಯುವ ರೀತಿಯನ್ನೇ ಅನುಸರಿಸಿ, ಐದು ಜನರಿಂದ ಎಂಟು ಬಗೆಯ ಮಾತ್ರೆಗಳನ್ನು ಮೂರು ವಿಧಾನದಲ್ಲಿ ತುಂಡು ಮಾಡಿಸಿತು: ಮಾತ್ರೆ ಕತ್ತರಿಸುವ ಪುಟ್ಟ ಸಾಧನ, ಕತ್ತರಿ (ಗೆರೆಯಿರುವ ಮಾತ್ರೆಗೆ ಬರಿಗೈ), ಅಡುಗೆಮನೆ ಚಾಕು. ಒಟ್ಟು ಚೂರುಗಳಲ್ಲಿ ಶೇ 31ರಷ್ಟು ಇರಬೇಕಾದ ತೂಕಕ್ಕಿಂತ ಶೇ 15ಕ್ಕೂ ಹೆಚ್ಚು, ಶೇ 14ರಷ್ಟು ಶೇ 25ಕ್ಕೂ ಹೆಚ್ಚು ತಪ್ಪಿದ್ದವು. ಮೂರರಲ್ಲಿ ಸಾಧನವೇ ವಾಸಿ ಎನಿಸಿತು, ಆದರೆ ಅದೂ ತಪ್ಪಿನಿಂದ ಪಾರಾಗಲಿಲ್ಲ. ಕತ್ತರಿಸುವಾಗ ಪುಡಿಯಾಗಿ ಉದುರುವ ಪಾಲು ಬೇರೆ. ಆ ಪುಡಿ ಯಾವ ಅರ್ಧಕ್ಕೂ ಸೇರುವುದಿಲ್ಲ, ಯಾರ ಹೊಟ್ಟೆಗೂ ಹೋಗುವುದಿಲ್ಲ.

ಮಾತ್ರೆಯ ನಡುವೆ ಗೆರೆ ಇದ್ದರೆ ಮುರಿಯಬಹುದು, ಇಲ್ಲದಿದ್ದರೆ ಕೂಡದು ಎಂಬ ಮಾತು ಬಹಳ ಮನೆಗಳಲ್ಲಿ ನಿಯಮದಂತೆ ನಡೆದುಬಂದಿದೆ. ಅರ್ಧ ಸತ್ಯ. ಕೆಲವು ಗೆರೆಗಳು ನಿಜಕ್ಕೂ ಮುರಿಯಲೆಂದೇ ಇರುತ್ತವೆ; ಆಳವಾಗಿರುತ್ತವೆ, ಬೆರಳಿನಿಂದ ಒತ್ತಿದರೆ ಮಾತ್ರೆ ಸಲೀಸಾಗಿ ಎರಡಾಗುತ್ತದೆ. ಇನ್ನು ಕೆಲವು ಬರೀ ಅಂದಕ್ಕೆ, ಗುರುತಿಗೆ ಇರುವಂಥವು. ಔಷಧಗಳ ಗುಣಮಟ್ಟ ನಿಗದಿಪಡಿಸುವ ಯುರೋಪಿಯನ್ ಫಾರ್ಮಕೊಪಿಯ ಇದಕ್ಕೊಂದು ಪರೀಕ್ಷೆಯನ್ನೇ ಇಟ್ಟಿದೆ. ಮೂವತ್ತು ಮಾತ್ರೆಗಳನ್ನು ಕೈಯಿಂದ ಮುರಿದು, ಪ್ರತಿಯೊಂದರಿಂದ ಒಂದು ಚೂರನ್ನು ತೂಗಬೇಕು. ಮೂವತ್ತರಲ್ಲಿ ಒಂದಕ್ಕಿಂತ ಹೆಚ್ಚು ಚೂರು ಸರಾಸರಿಯ ಶೇ 85ರಿಂದ 115ರ ಮಿತಿಯನ್ನು ಮೀರಬಾರದು, ಒಂದೇ ಒಂದೂ ಶೇ 75ರಿಂದ 125ರ ಆಚೆ ಹೋಗಬಾರದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಗೆರೆಯಿರುವ ಮಾತ್ರೆಗಳ ಬಗ್ಗೆ ತಯಾರಕರಿಗೆ ಮಾರ್ಗಸೂಚಿ ಹೊರಡಿಸಿತು. ಗೆರೆ ಮುರಿಯಲಿಕ್ಕೇ ಇದೆ ಎಂದು ಹೇಳಬೇಕಾದರೆ ಕಂಪನಿ ಅದನ್ನು ಪುರಾವೆಯೊಂದಿಗೆ ತೋರಿಸಬೇಕು, ತೋರಿಸಿದರೆ ಆ ವಿಷಯ ಔಷಧದ ಮಾಹಿತಿಪತ್ರದಲ್ಲಿ ಅಚ್ಚಾಗುತ್ತದೆ. ಆಕಾರವೂ ಲೆಕ್ಕಕ್ಕೆ ಬರುತ್ತದೆ. ಉದ್ದನೆಯ, ಆಳ ಗೆರೆಯ ಮಾತ್ರೆ ಸಮನಾಗಿ ಮುರಿಯುವಷ್ಟು ಸುಲಭವಾಗಿ ಬಟನ್‌ಗಿಂತಲೂ ಪುಟ್ಟದಾದ ದುಂಡು ಮಾತ್ರೆ ಮುರಿಯುವುದಿಲ್ಲ.

ಸರಿ, ಅರ್ಧಗಳು ಸಮನಾಗುವುದಿಲ್ಲ. ಅದರಿಂದ ದೇಹಕ್ಕೆ ಏನಾಗುತ್ತದೆ?

ಇಲ್ಲಿ ಔಷಧದ ಸ್ವಭಾವ ನೋಡಬೇಕು. ಬಿಪಿಗೆ ಬಹಳ ಜನ ನುಂಗುವ ಆಮ್ಲೋಡಿಪಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ಇವತ್ತು ಚೂರು ದೊಡ್ಡದಾಗಿ ನಾಳೆ ಚಿಕ್ಕದಾದರೂ ರಕ್ತದಲ್ಲಿನ ಮಟ್ಟ ಅಷ್ಟಾಗಿ ಏರಿಳಿಯುವುದಿಲ್ಲ, ಹಿಂದಿನ ದಿನಗಳ ಔಷಧ ಇನ್ನೂ ಇರುತ್ತದಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್‌ಗಳ ಕತೆಯೂ ಇದೇ. ಅವುಗಳ ಫಲ ಕಾಣುವುದು ವಾರಗಳ ಲೆಕ್ಕದಲ್ಲಿ, ಒಂದು ದಿನದ ಚೂರು ಅದನ್ನು ಕೆಡಿಸುವುದಿಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ಇದನ್ನೇ ನೆಚ್ಚಿ ಸಿಮ್ವಾಸ್ಟ್ಯಾಟಿನ್‌ನಂಥ ಮಾತ್ರೆಗಳ ದೊಡ್ಡ ಪ್ರಮಾಣವನ್ನು ಕೊಂಡು, ರೋಗಿಗಳಿಗೆ ಕತ್ತರಿಸುವ ಸಾಧನ ಕೊಟ್ಟು, ಅರ್ಧರ್ಧ ನುಂಗಿಸಿ ಬಹಳಷ್ಟು ಹಣ ಉಳಿಸಿದವು. ಕೊಲೆಸ್ಟರಾಲ್ ಹತೋಟಿ ಅದರಿಂದ ಕೆಟ್ಟಿದ್ದು ಅಧ್ಯಯನದಲ್ಲಿ ಕಾಣಲಿಲ್ಲ. ಆ ದೇಶದಲ್ಲಿ ಎಷ್ಟೋ ಮಾತ್ರೆಗಳು 10 ಮಿಲಿಗ್ರಾಂ ಇರಲಿ 40 ಇರಲಿ ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತಿದ್ದುದೇ ಈ ಯೋಜನೆಗೆ ಮೂಲ. ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆ ಹೀಗೆಯೇ ಮಾಡಿದಾಗ, ನಮ್ಮ ಆರೋಗ್ಯಕ್ಕಿಂತ ನಿಮಗೆ ಉಳಿತಾಯ ಹೆಚ್ಚಾಯಿತೇ ಎಂದು ಕೆಲವು ಸದಸ್ಯರು 2000ನೇ ಇಸವಿಯಲ್ಲಿ ಮೊಕದ್ದಮೆ ಹೂಡಿದರು. ಕೊನೆಗೆ ಗೆದ್ದದ್ದು ಸಂಸ್ಥೆ. ನನ್ನ ಮಟ್ಟಿಗೆ ಈ ಅನುಭವದಲ್ಲಿ ಕಲಿಯಬೇಕಾದದ್ದು ಗೆಲುವು ಸೋಲಲ್ಲ. ಅಲ್ಲಿ ಯಾವ ಮಾತ್ರೆ ಮುರಿಯಬಹುದು ಎಂದು ಔಷಧ ತಜ್ಞರು ಮೊದಲೇ ಆರಿಸಿದ್ದರು, ಯಾರು ಮುರಿಯಬಲ್ಲರು ಎಂಬುದನ್ನೂ ನೋಡುತ್ತಿದ್ದರು. ನಮ್ಮಲ್ಲಿ ಆ ಆಯ್ಕೆ ಅಡುಗೆಮನೆಯಲ್ಲಿ ನಡೆಯುತ್ತದೆ.

ತಾಳಿಕೊಳ್ಳದ ಔಷಧಗಳು ಬೇರೆ. ಚಿಕಿತ್ಸೆಗೆ ಬೇಕಾದ ಪ್ರಮಾಣಕ್ಕೂ ತೊಂದರೆ ಕೊಡುವ ಪ್ರಮಾಣಕ್ಕೂ ಅಂತರ ಬಹಳ ಕಿರಿದಾಗಿರುವ ವಾರ್ಫರಿನ್, ಅಸಿನೋಕೂಮರಾಲ್, ಡಿಗಾಕ್ಸಿನ್, ಲಿಥಿಯಂ, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಈ ಸಾಲಿನವು. ಹೃದಯದ ಕವಾಟ ಬದಲಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲೆಂದು ನುಂಗುವ ಅಸಿನೋಕೂಮರಾಲ್ ಅನ್ನು ತಿಂಗಳಿಗೊಮ್ಮೆಯೋ ಎರಡು ಸಲವೋ ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ನೋಡಿ ಕಾಲು ಅರ್ಧ ಎಂದು ಹೆಚ್ಚಿಸುತ್ತಾರೆ, ಇಳಿಸುತ್ತಾರೆ. ಈ ಔಷಧ ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ, ಆಮ್ಲೋಡಿಪಿನ್‌ನಂತೆ ನಿನ್ನೆಯ ಪಾಲು ಇವತ್ತಿನ ತಪ್ಪನ್ನು ಮುಚ್ಚಿಕೊಡುವುದಿಲ್ಲ. ಪ್ರಮಾಣ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಕೃತಕ ಕವಾಟದ ಮೇಲೆ ಹೆಪ್ಪು. ಇದೇ ಔಷಧ 1, 2, 3, 4 ಮಿಲಿಗ್ರಾಂಗಳಲ್ಲಿ ಬೇರೆ ಬೇರೆಯಾಗಿ ಸಿಗುತ್ತದೆ. ಒಂದು ಮಿಲಿಗ್ರಾಂ ಬೇಕಿದ್ದವರು ಎರಡರ ಮಾತ್ರೆಯನ್ನು ಮುರಿಯುತ್ತಾ ಕೂರುವುದಕ್ಕೆ ಕಾರಣವೇ ಇಲ್ಲ.

ಥೈರಾಕ್ಸಿನ್ ವಿಚಿತ್ರ ಉದಾಹರಣೆ. ಇದರ ಮಾತ್ರೆಯಲ್ಲಿ ಔಷಧ ಶೇ 90ರಿಂದ 110ರ ಮಧ್ಯೆ ಇದ್ದರೆ ಸಾಕು ಎಂದು ಮೊದಲು ಒಪ್ಪಿಕೊಂಡಿದ್ದ ಅಮೆರಿಕದ ಎಫ್‌ಡಿಎ, ಅದು ಸಡಿಲವಾಯಿತೆಂದು 2007ರಲ್ಲಿ ಶೇ 95ರಿಂದ 105ಕ್ಕೆ ಬಿಗಿಗೊಳಿಸಿತು. ಕಾರ್ಖಾನೆ ಶೇ 5ರೊಳಗೆ ನಿಲ್ಲಿಸಿಕೊಟ್ಟದ್ದನ್ನು ಮನೆಯ ಚಾಕು ಒಂದೇ ಏಟಿಗೆ ಶೇ 20ಕ್ಕೆ ಕೆಡಿಸಬಹುದು. ಆದರೆ ದೇಹದಲ್ಲಿ ಥೈರಾಕ್ಸಿನ್ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕಾಗುವುದರಿಂದ, ಒಂದೇ ಮಾತ್ರೆಯ ಎರಡೂ ಅರ್ಧಗಳು ಒಂದರ ಬೆನ್ನಿಗೆ ಒಂದು ಹೊಟ್ಟೆಗೆ ಹೋದರೆ ಏರುಪೇರು ತಾನಾಗಿ ಸರಿದೂಗುತ್ತದೆ. ಮಾತ್ರೆ ಮುರಿಯದೆಯೇ ನಡುವಿನ ಪ್ರಮಾಣ ಪಡೆಯುವ ದಾರಿಯೂ ಇದರಿಂದಲೇ ಸಾಧ್ಯವಾಗಿದೆ: ಒಂದು ದಿನ 50, ಮರುದಿನ 75 ಮೈಕ್ರೋಗ್ರಾಂ ಎಂದು ವೈದ್ಯರು ಬರೆದುಕೊಟ್ಟರೆ ಸರಾಸರಿ 62.5 ಆಗುತ್ತದೆ. ಚಾಕುವಿಗಿಂತ ಕ್ಯಾಲೆಂಡರ್ ಮೇಲು.

ಇನ್ನು ಯಾವ ಕಾರಣಕ್ಕೂ ಮುರಿಯಬಾರದ ಮಾತ್ರೆಗಳ ವಿಷಯ. ಇಲ್ಲಿ ಅರ್ಧ ಸಮನಾಯಿತೇ ಎಂಬುದು ಪ್ರಶ್ನೆಯೇ ಅಲ್ಲ, ಮುರಿದರೆ ಮಾತ್ರೆಯ ರಚನೆಯೇ ಹಾಳಾಗುತ್ತದೆ. ಹನ್ನೆರಡೋ ಇಪ್ಪತ್ತನಾಲ್ಕೋ ಗಂಟೆ ನಿಧಾನವಾಗಿ ಔಷಧ ಬಿಡುವಂತೆ ಮಾಡಿದ ಮಾತ್ರೆಗಳ ಹೆಸರಿನ ಕೊನೆಯಲ್ಲಿ ಎಸ್‌ಆರ್, ಇಆರ್, ಎಕ್ಸ್‌ಎಲ್, ಎಕ್ಸ್‌ಆರ್, ಸಿಆರ್, ರಿಟಾರ್ಡ್ ಎಂಬ ಬಾಲವಿರುತ್ತದೆ. ಉಸಿರಾಟದ ತೊಂದರೆಗೆ ಕೊಡುವ ಥಿಯೋಫಿಲಿನ್ ರಿಟಾರ್ಡ್ ಮಾತ್ರೆಯನ್ನು ದೊಡ್ಡದಾಯಿತೆಂದು ಅಗಿದು ನುಂಗಿದರೆ ಅರ್ಧ ದಿನದ ಔಷಧ ಒಮ್ಮೆಗೇ ರಕ್ತಕ್ಕೆ ನುಗ್ಗುತ್ತದೆ. ಎದೆಬಡಿತ ತಾಳತಪ್ಪಬಹುದು, ಫಿಟ್ಸ್ ಬರಬಹುದು. ನಿಧಾನಗತಿಯ ನಿಫೆಡಿಪಿನ್ ಆದರೆ ಬಿಪಿ ದಿಢೀರನೆ ಕುಸಿಯುತ್ತದೆ. ಟ್ರಮಡಾಲ್ ಎಸ್‌ಆರ್‌ನಂಥ ನೋವಿನ ಮಾತ್ರೆಯಾದರೆ ಉಸಿರಾಟವೇ ಕುಗ್ಗಬಹುದು. ಎರಡನೆಯ ಬಗೆ, ಹೊಟ್ಟೆಯ ಆಮ್ಲಕ್ಕೆ ಕರಗದ ಲೇಪನ ಇರುವವು. ಗ್ಯಾಸ್ಟ್ರಿಕ್ ಮಾತ್ರೆ ಎಂದೇ ಹೆಸರಾದ ಪ್ಯಾಂಟೊಪ್ರಜೋಲ್, ರಾಬಿಪ್ರಜೋಲ್ ಆಮ್ಲ ತಾಕಿದರೆ ಕೆಡುತ್ತವೆ. ಲೇಪನ ಮುರಿದು ನುಂಗಿದರೆ ನುಂಗಿಯೂ ನುಂಗದಂತೆ. ಡೈಕ್ಲೋಫೆನಾಕ್‌ನಲ್ಲಿ ಲೇಪನ ಇರುವುದು ಜಠರವನ್ನು ಉಳಿಸಲಿಕ್ಕೆ.

ಅಪವಾದಗಳಿವೆ, ಮತ್ತು ಅವು ಗೊಂದಲ ಹೆಚ್ಚಿಸುತ್ತವೆ. ಮೆಟೊಪ್ರೊಲಾಲ್ ಸಕ್ಸಿನೇಟ್‌ನ ಕೆಲವು ನಿಧಾನಗತಿಯ ಮಾತ್ರೆಗಳು ನೂರಾರು ಸಣ್ಣ ಹರಳುಗಳಿಂದ ಕೂಡಿದ್ದು, ಪ್ರತಿ ಹರಳಿಗೂ ಅದರದೇ ಲೇಪನವಿರುತ್ತದೆ. ಗೆರೆಯಲ್ಲಿ ಎರಡಾಗಿ ಮುರಿದರೂ ಅವು ನಿಧಾನವಾಗಿಯೇ ಕೆಲಸ ಮಾಡುತ್ತವೆ, ಅಗಿದರೆ ಮಾತ್ರ ಕೆಡುತ್ತವೆ. ಹಾಗೆಂದು ಅದೇ ಔಷಧದ ಇನ್ನೊಂದು ಕಂಪನಿಯ ಮಾತ್ರೆಯೂ ಹೀಗೆಯೇ ಇರುತ್ತದೆಂದು ಹೇಳಲಾಗದು. ಹಾಗಾಗಿ ಎಕ್ಸ್‌ಎಲ್ ಎಂದು ಕಂಡ ಮಾತ್ರೆಯನ್ನು ಮುರಿಯಿರಿ ಎಂದು ಬರೆದಿದ್ದರೆ, ಆ ಬ್ರ್ಯಾಂಡಿಗೇ ಹೇಳಿದ್ದೇ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಅಂಗಡಿಯವರು ಬ್ರ್ಯಾಂಡ್ ಬದಲಿಸಿ ಕೊಟ್ಟಾಗಲಂತೂ ಕೇಳಲೇಬೇಕು.

ನಮ್ಮಲ್ಲಿ ಈ ವಿಷಯ ಇನ್ನಷ್ಟು ಸಿಕ್ಕುಸಿಕ್ಕಾಗಲು ಸಂಯುಕ್ತ ಮಾತ್ರೆಗಳು ಕಾರಣ. ಸಕ್ಕರೆ ಕಾಯಿಲೆಯವರು ನುಂಗುವ, ಗ್ಲಿಮೆಪಿರೈಡ್ ಮತ್ತು ನಿಧಾನಗತಿಯ ಮೆಟ್‌ಫಾರ್ಮಿನ್ ಎರಡೂ ಇರುವ ಮಾತ್ರೆಯನ್ನು ತೆಗೆದುಕೊಳ್ಳಿ. ಅಂಚಿನಿಂದ ನೋಡಿದರೆ ಎಷ್ಟೋ ಬ್ರ್ಯಾಂಡುಗಳಲ್ಲಿ ಎರಡು ಬಣ್ಣದ ಪದರ ಕಾಣುತ್ತದೆ, ಒಂದು ಬೇಗ ಕರಗಲು, ಇನ್ನೊಂದು ನಿಧಾನವಾಗಿ. ಸಕ್ಕರೆ ಇಳಿದು ಕೈಕಾಲು ನಡುಗಿದ ಮರುದಿನ ಬಹಳ ಜನ ಮಾಡುವ ಮೊದಲ ಕೆಲಸ ಈ ಮಾತ್ರೆಯನ್ನು ಅರ್ಧ ಮಾಡುವುದು. ಆಗ ಸಕ್ಕರೆ ಇಳಿಸಿದ್ದ ಗ್ಲಿಮೆಪಿರೈಡ್ ಜೊತೆಗೆ ಏನೂ ತಪ್ಪು ಮಾಡದ ಮೆಟ್‌ಫಾರ್ಮಿನ್ ಕೂಡ ಅರ್ಧವಾಗುತ್ತದೆ, ಅದರ ನಿಧಾನಗತಿಯೂ ಕೆಡುತ್ತದೆ. ವೈದ್ಯರಾಗಿದ್ದರೆ ಗ್ಲಿಮೆಪಿರೈಡ್ ಮಾತ್ರ ಕಡಿಮೆ ಇರುವ ಮಾತ್ರೆ ಬರೆಯುತ್ತಿದ್ದರು. ಬಿಪಿಯ ಎರಡು ಮೂರು ಔಷಧ ಸೇರಿದ ಮಾತ್ರೆಗಳದ್ದೂ ಇದೇ ಪಾಡು. ಸಮಸ್ಯೆ ಒಂದು ಔಷಧದ್ದು, ಶಿಕ್ಷೆ ಎಲ್ಲಕ್ಕೂ.

ಮುರಿಯುವವರ ಕೈಗೇ ಅಪಾಯವಿರುವ ಮಾತ್ರೆಗಳೂ ಇವೆ. ಕೀಲುವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಮೂಲದಲ್ಲಿ ಕ್ಯಾನ್ಸರ್ ಔಷಧ, ಅದರ ಪುಡಿ ಮನೆಯಲ್ಲಿ ಹಾರಾಡಬಾರದು. ಪ್ರೋಸ್ಟೇಟ್ ತೊಂದರೆಗೂ ಕೂದಲು ಉದುರುವುದಕ್ಕೂ ಕೊಡುವ ಫಿನಾಸ್ಟರೈಡ್‌ನ ಒಡೆದ ಚೂರನ್ನು ಗರ್ಭಿಣಿಯರು ಮುಟ್ಟಬಾರದು, ಹೊಟ್ಟೆಯಲ್ಲಿರುವ ಗಂಡು ಮಗುವಿನ ಬೆಳವಣಿಗೆಗೆ ತೊಂದರೆಯಾಗಬಹುದು. ಮಾವನವರ ಮಾತ್ರೆ ಮುರಿದುಕೊಡುವ ಕೆಲಸ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಯಾರ ಪಾಲಿಗೆ ಬರುತ್ತದೆ ಎಂದು ಯೋಚಿಸಿದರೆ ಈ ಎಚ್ಚರಿಕೆಯ ತೂಕ ಗೊತ್ತಾಗುತ್ತದೆ.

ಉಳಿದ ಅರ್ಧದ ಗತಿಯೇನು? ಸ್ಟ್ರಿಪ್‌ನ ಅಲ್ಯೂಮಿನಿಯಂ ಹಾಳೆ ಬರೀ ಹೊದಿಕೆಯಲ್ಲ, ಗಾಳಿ, ಬೆಳಕು, ತೇವ ತಾಗದಂತೆ ಕಾಯುವ ಗೋಡೆ. ಬಿಪಿಗೆ ಈಗ ಎಲ್ಲೆಲ್ಲೂ ಬರೆಯುವ ಟೆಲ್ಮಿಸಾರ್ಟನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ನುಂಗುವ ಹೊತ್ತಿಗೇ ಸ್ಟ್ರಿಪ್‌ನಿಂದ ಬಿಡಿಸಬೇಕು. ಜುಲೈ ತಿಂಗಳ ಕುಂದಾಪುರದಲ್ಲೋ ಆಗುಂಬೆಯಲ್ಲೋ ಅದರ ಅರ್ಧವನ್ನು ಕಾಗದದಲ್ಲಿ ಸುತ್ತಿಟ್ಟರೆ ಮರುದಿನಕ್ಕೆ ಮೆತ್ತಗಾಗಿರುತ್ತದೆ. ವಾರಕ್ಕೆ ಬೇಕಾದಷ್ಟನ್ನು ಭಾನುವಾರ ಕೂತು ಒಟ್ಟಿಗೆ ಮುರಿದಿಡುವ ಅಚ್ಚುಕಟ್ಟುತನ ಇಲ್ಲಿ ನಡೆಯುವುದಿಲ್ಲ. ಒಂದು ಮುರಿದು, ಅದರ ಎರಡೂ ಅರ್ಧ ಖರ್ಚಾದ ಮೇಲೆ ಮುಂದಿನದನ್ನು ಮುರಿಯಬೇಕು. ಆಗ ದೊಡ್ಡ ಅರ್ಧ ಚಿಕ್ಕ ಅರ್ಧಗಳ ಲೆಕ್ಕವೂ ಎರಡು ಸರತಿಯಲ್ಲಿ ಸರಿಹೋಗುತ್ತದೆ. ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಬ್ಲೇಡ್ ಇರುವ ಪುಟ್ಟ ಡಬ್ಬಿ ಚಾಕುವಿಗಿಂತ ವಾಸಿ. ಬೇರೆ ಮಾತ್ರೆಗೆ ಬಳಸುವ ಮೊದಲು ಅದನ್ನು ತೊಳೆದು ಒಣಗಿಸಬೇಕಷ್ಟೆ. ಕಾಲು ಭಾಗ ಮಾಡುವ ಸಾಹಸ ಬೇಡ. ಅರ್ಧದಲ್ಲಿ ಆದ ತಪ್ಪು ಕಾಲಿನಲ್ಲಿ ಇನ್ನೊಮ್ಮೆ ಕೂಡಿಕೊಳ್ಳುತ್ತದೆ.

ಹಣದ ಮಾತು ಬಿಟ್ಟರೆ ಈ ಸಮೀಕ್ಷೆ ಪೂರ್ತಿಯಾಗುವುದಿಲ್ಲ. ಅಮೆರಿಕದಷ್ಟು ಅತಿರೇಕವಲ್ಲದಿದ್ದರೂ ನಮ್ಮಲ್ಲೂ 10 ಮಿಲಿಗ್ರಾಂ ಮಾತ್ರೆಯ ಬೆಲೆ ಸಾಮಾನ್ಯವಾಗಿ 5ರ ಎರಡು ಮಾತ್ರೆಗಳಷ್ಟು ಇರುವುದಿಲ್ಲ. ತಿಂಗಳ ಔಷಧಕ್ಕೇ ಪಿಂಚಣಿಯ ಪಾಲು ಹೋಗುವವರು ಅದನ್ನು ಗಮನಿಸದೆ ಇರುತ್ತಾರೆಯೇ? ಗೆರೆಯಿರುವ ಸಾದಾ ಆಮ್ಲೋಡಿಪಿನ್‌ನಲ್ಲಿ ಹೀಗೆ ಉಳಿಸಿದರೆ, ವೈದ್ಯರಿಗೆ ಹೇಳಿಯೇ ಮಾಡಿದರೆ, ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧದ ಬೇಕಾದ ಪ್ರಮಾಣವೇ ಅಗ್ಗಕ್ಕೆ ಸಿಗುವಾಗ ಮುರಿಯುವ ಉಸಾಬರಿ ಏಕೆ ಎಂಬುದನ್ನೂ ಕೇಳಿಕೊಳ್ಳಬೇಕು. ಹೇಳದೆ ಕೇಳದೆ ‘ಬಿಪಿ ಈಗ ಸರಿಯಾಗಿದೆ, ಇನ್ನು ಅರ್ಧ ಸಾಕು’ ಎಂದು ಇಳಿಸಿಕೊಳ್ಳುವುದು ಉಳಿತಾಯವಲ್ಲ, ಚಿಕಿತ್ಸೆ ಬಿಟ್ಟಂತೆ.

ಇಷ್ಟೆಲ್ಲ ವ್ಯತ್ಯಾಸಗಳನ್ನು ರೋಗಿ ತಿಳಿಯುವುದು ಎಲ್ಲಿಂದ? ಸ್ಟ್ರಿಪ್‌ನ ಬೆನ್ನ ಮೇಲೆ ಸುಳಿವು ಇದ್ದೇ ಇದೆ. ಮೆಟ್‌ಫಾರ್ಮಿನ್ ಎಸ್‌ಆರ್ ಮೇಲೆ ‘ಪ್ರೊಲಾಂಗ್ಡ್ ರಿಲೀಸ್’, ಪ್ಯಾಂಟೊಪ್ರಜೋಲ್ ಮೇಲೆ ‘ಗ್ಯಾಸ್ಟ್ರೋ ರೆಸಿಸ್ಟೆಂಟ್’ ಎಂದು ಅಚ್ಚಾಗಿರುತ್ತದೆ. ಆದರೆ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ನಾಲ್ಕೋ ಆರೋ ಮಾತ್ರೆ ಕೊಟ್ಟರೆ ಆ ಅಕ್ಷರವೂ, ಅವಧಿ ಮುಗಿಯುವ ದಿನಾಂಕವೂ ಅಂಗಡಿಯವರ ಪಾಲಿಗೇ ಉಳಿಯುತ್ತವೆ. ‘ಮುರಿಯಬೇಡಿ’, ‘ಗೆರೆಯಲ್ಲಿ ಮುರಿಯಬಹುದು’ ಎಂಬ ಎರಡು ಚಿತ್ರಗಳನ್ನು ಪ್ರತಿ ಮಾತ್ರೆಯ ಹಿಂದೆ ಮುದ್ರಿಸಿದ್ದರೆ ಈ ಲೇಖನದ ಅರ್ಧ ಭಾಗ ಬೇಕಾಗಿರಲಿಲ್ಲ. ಅದು ಬರುವವರೆಗೆ ½ ಎಂದು ಬರೆಯುವ ವೈದ್ಯರು ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಬಹುದು, ಅಥವಾ ಅರ್ಧದ ಪ್ರಮಾಣದ ಮಾತ್ರೆ ಮಾರುಕಟ್ಟೆಯಲ್ಲಿದ್ದರೆ ಅದನ್ನೇ ಬರೆಯಬಹುದು. ಕೈ ನಡುಗುವ ಪಾರ್ಕಿನ್ಸನ್ಸ್ ರೋಗಿಗೆ ಲೆವೊಡೋಪಾ ಮಾತ್ರೆಯನ್ನು ಅರ್ಧರ್ಧ ಮಾಡಿ ದಿನಕ್ಕೆ ಐದಾರು ಸಲ ನುಂಗಲು ಹೇಳುವಾಗ ಮುರಿಯುವವರು ಯಾರು ಎಂದೂ ಕೇಳಬಹುದು. ಔಷಧದಂಗಡಿಯ ಫಾರ್ಮಾಸಿಸ್ಟ್‌ಗೆ ಓದಿನಲ್ಲೇ ಇದೆಲ್ಲ ಬಂದಿರುತ್ತದೆ. ನಾವು ಅವರನ್ನು ಬೆಲೆ ಕೇಳುತ್ತೇವೆ, ಇದನ್ನು ಕೇಳುವುದಿಲ್ಲ.

ಬದಲಾವಣೆ ಆಗದ ವಿಷಯವೇನೂ ಅಲ್ಲ. ಮಕ್ಕಳ ಔಷಧದಲ್ಲಿ ಅದು ಆಗಿದೆ. ದೊಡ್ಡವರ ಕ್ಷಯದ ಮಾತ್ರೆಗಳನ್ನು ಮುರಿದು, ಪುಡಿ ಮಾಡಿ, ಕಾಗದದ ಪೊಟ್ಟಣ ಕಟ್ಟಿ ಮಕ್ಕಳಿಗೆ ಕೊಡುವುದು ಬಡ ದೇಶಗಳಲ್ಲೆಲ್ಲ ದಶಕಗಳ ಕಾಲ ನಡೆದಿತ್ತು. ಯಾವ ಪೊಟ್ಟಣದಲ್ಲಿ ಎಷ್ಟಿದೆ ಎಂಬುದು ದೇವರಿಗೇ ಗೊತ್ತಿರುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಮಕ್ಕಳ ಅಳತೆಯ ಔಷಧಗಳಿಗಾಗಿ ಅಭಿಯಾನ ಆರಂಭಿಸಿತು. 2015ರ ಕೊನೆಯಲ್ಲಿ ಮಕ್ಕಳಿಗೆಂದೇ ಮಾಡಿದ, ಮೂರು ಔಷಧ ಸೇರಿದ, ನೀರಿನಲ್ಲಿ ಕರಗುವ ಕ್ಷಯದ ಮಾತ್ರೆ ಬಂತು. ನಮ್ಮ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲೂ ಈಗ ಅಂಥದ್ದೇ ಬಳಕೆಯಲ್ಲಿದೆ. ಮಗುವನ್ನು ತೂಗಬೇಕು: 4ರಿಂದ 7 ಕಿಲೋ ಇದ್ದರೆ ಒಂದು ಮಾತ್ರೆ, 8ರಿಂದ 11 ಇದ್ದರೆ ಎರಡು, 12ರಿಂದ 15 ಇದ್ದರೆ ಮೂರು, 16ರಿಂದ 24 ಇದ್ದರೆ ನಾಲ್ಕು. ಲೆಕ್ಕ ಎಲ್ಲವೂ ಇಡೀ ಮಾತ್ರೆಗಳಲ್ಲಿ.